ಕಾವಲು ಬೇಡ ಅನ್ನುವ ಕೈ

ನಾನು ಏಳನೇತ್ತೆ ಓದಿದವ. ಹಗಲು ಹೊಲ ಮಾಡತೀನಿ, ರಾತ್ರಿ ಭಜನಿ ಪದ ಹಾಡತೀನಿ. ಹೋದ ಸಲದ ಪುಸ್ತಕಕ್ಕ ವಾಚನಾಲಯದ ಹುಡುಗರು ನನ್ನಿಂದ ಹಾಡಿನ ಬಗ್ಗೆ ಬರೆಸಿಕೊಂಡರು. ಈ ಸಲ, "ಅಜ್ಜಾ, ಹಾಡು ಸಾಕು, ನಿಮ್ಮ ತಲ್ಯಾಗ ಏನು ಕೊರೀತೈತಿ ಅದನ್ನ ಬರೀರಿ" ಅಂದರು.

ಕೊರೆಯುತ್ತಿರುವುದು ಒಂದೇ ಪ್ರಶ್ನೆ. ಒಂದು ಯಂತ್ರಕ್ಕೆ ಕಾವಲು ಇದೆ. ನಾವು ತಪ್ಪು ಮಾಡಿದರೆ ಅದು ತಾನೇ ಬಂದ್ ಆಗುತ್ತದೆ. ಅಂಥದ್ದೇ ಇನ್ನೊಂದು ಯಂತ್ರಕ್ಕೆ ಕಾವಲು ಇಲ್ಲ. ನಾವು ತಪ್ಪಿದರೆ ಅದೂ ನಮ್ಮ ಜೋಡಿ ತಪ್ಪುತ್ತದೆ. ಎರಡೂ ಒಂದೇ ಅಂಗಡಿಯಲ್ಲಿ ಮಗ್ಗಲಮಗ್ಗಲಕ್ಕ ಇಟ್ಟಿರುವಾಗ, ಕಾವಲಿಲ್ಲದ್ದನ್ನೇ ಬೇಕಂತ ಆರಿಸಿಕೊಳ್ಳುವ ಮನುಷ್ಯರು ಇದ್ದಾರೆ. ಅದು ಧೈರ್ಯವೋ, ಸೊಕ್ಕೋ?

ಈ ಪ್ರಶ್ನೆ ನನಗೆ ಗಂಟುಬಿದ್ದದ್ದು ಹಿಂದಿನ ಗುಡ್ಡಾಪುರ ದಾನಮ್ಮನ ಜಾತ್ರಿಯೊಳಗ. ನನ್ನ ತಂಗಿಯ ಮಗ ಹಡಗಿನಲ್ಲಿ ಕರೆಂಟಿನ ಕೆಲಸ ಮಾಡುವವ. ವರ್ಷದಾಗ ಏಳೆಂಟು ತಿಂಗಳು ನೀರಿನ ಮ್ಯಾಲೇ ಇರತಾನ. ರಜೆಗೆ ಬಂದಿದ್ದ. ರಾತ್ರಿ ನಮ್ಮ ಭಜನಿ ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತ ಕೂತೆವು. ನಾನು ಚಂಚಿ ಬಿಚ್ಚಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಲಿಕ್ಕೆ ಹತ್ತಿದೆ. ಅವ ನನ್ನ ಅಂಗೈ ನೋಡಿ ನಕ್ಕ.

"ಮಾಮಾ, ನಮ್ಮ ಹಡಗಿನ್ಯಾಗ ಫಿಲಿಪೈನ್ಸಿನ ಒಬ್ಬ ಅದಾನ. ನೀವು ತಂಬಾಕ ತಿಕ್ಕಿದಂಗ ಅವ ತಂತಿ ಸುತ್ತತಾನ," ಅಂದ.

"ತಂತಿ ಯಾಕ ಸುತ್ತತಾನ?"

ಆಗ ಅವ ತನ್ನ ಫೋನಿನೊಳಗ ಒಂದು ಫೋಟೋ ತೋರಿಸಿದ. ತಾಮ್ರದ ಕೊಳವೆ, ಗೇಣಿಗಿಂತ ಗಿಡ್ಡ. ನೋಡಿದರೆ ಯಾರೋ ಕೊಳಲನ್ನು ತುಂಡು ಮಾಡಿದಂಗ. ಅದರ ಹೆಸರು ವೇಪ್. ಬೀಡಿ ಸಿಗರೇಟಿನ ಬದಲಿಗೆ ಸೇದುವ ಯಂತ್ರ. ಇದರೊಳಗ ಎಲೆ ಇಲ್ಲ, ಬೆಂಕಿ ಇಲ್ಲ. ಒಂದು ಬ್ಯಾಟರಿ, ಒಂದು ತಂತಿಯ ಸುರುಳಿ, ಸುರುಳಿಯೊಳಗ ಒಂದಿಷ್ಟು ಹತ್ತಿ. ಹತ್ತಿಗೆ ನಿಕೋಟಿನ್ ಬೆರೆಸಿದ ಎಣ್ಣೆಯಂಥ ರಸ ಹನಿಸುತ್ತಾರೆ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ರಸ ಹಬೆಯಾಗುತ್ತದೆ, ಅದನ್ನ ಎಳೆದುಕೊಳ್ಳುತ್ತಾರೆ. ಈಗಿನ ನಮೂನಿಯ ಯಂತ್ರವನ್ನ 2003ರ ಸುಮಾರಿಗೆ ಚೀನಾದ ಹಾನ್ ಲಿಕ್ ಎಂಬ ಔಷಧ ಶಾಸ್ತ್ರದವರು ಮಾಡಿದರಂತೆ. ನಮ್ಮ ದೇಶದಲ್ಲಿ 2019ರ ಕಾಯ್ದೆಯಿಂದ ಇದನ್ನು ಮಾಡುವುದು, ಮಾರುವುದು, ಹೊರಗಿನಿಂದ ತರುವುದು ಎಲ್ಲ ಬಂದ್. ಮೊದಲ ಸಲ ಸಿಕ್ಕರೆ ಒಂದು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಅದಕ್ಕ ನನ್ನ ಅಳಿಯ ಫೋಟೋ ತಂದಿದ್ದ, ಯಂತ್ರ ತಂದಿರಲಿಲ್ಲ. ಹೊರಗಿನ ಬಾಳ ದೇಶದೊಳಗ ಇದು ಅಂಗಡಿಯಲ್ಲೇ ಸಿಗುತ್ತದೆ.

ಇದರೊಳಗ ಎರಡು ಜಾತಿ. ಒಂದಕ್ಕೆ ಒಳಗೆ ಒಂದು ಚಿಪ್ ಕೂಡಿಸಿರುತ್ತಾರೆ. ಅದೇ ಕಾವಲುಗಾರ. ಸುರುಳಿಯ ತಡೆ ಎಷ್ಟಿದೆ ಅಂತ ಅದು ಮೊದಲು ಅಳೆಯುತ್ತದೆ. ತಂತಿ ತಂತಿ ಹತ್ತಿಕೊಂಡು ಶಾರ್ಟ್ ಆಗಿದ್ದರೆ ಕರೆಂಟು ಬಿಡುವುದಿಲ್ಲ. ಬ್ಯಾಟರಿ ಇಳಿದರೂ ಹಬೆ ಒಂದೇ ಸಮ ಬರುವಂತೆ ನೋಡಿಕೊಳ್ಳುತ್ತದೆ, ಬಾಳ ಇಳಿದರೆ ಬಂದ್ ಮಾಡುತ್ತದೆ. ಗುಂಡಿಯನ್ನ ಬಾಳ ಹೊತ್ತು ಒತ್ತಿ ಹಿಡಿದರೆ "ಸಾಕು" ಅಂತ ತಾನೇ ಕಡಿಯುತ್ತದೆ.

ಇನ್ನೊಂದು ಜಾತಿ ಆ ಫಿಲಿಪೈನ್ಸಿನವನ ಕೈಯಾಗಿನದು. ಅದಕ್ಕ ಮೆಕ್ಯಾನಿಕಲ್ ಅಂತಾರೆ. ಒಳಗೆ ಚಿಪ್ಪೂ ಇಲ್ಲ, ವಾಯರೂ ಇಲ್ಲ. ತಾಮ್ರದ ಇಲ್ಲಾ ಹಿತ್ತಾಳಿ ಕೊಳವೆ, ಕೆಳಗೆ ಗುಂಡಿ, ನಡುವೆ ಬ್ಯಾಟರಿ, ಮೇಲೆ ಸುರುಳಿ. ಕೊಳವೆಯ ಮೈಯೇ ಒಂದು ತಂತಿ. ಗುಂಡಿ ಒತ್ತಿದರೆ ಬ್ಯಾಟರಿಯೊಳಗಿನ ಬಲ ಇದ್ದದ್ದು ಇದ್ದಂಗ ಸುರುಳಿಗೆ ಹೋಗುತ್ತದೆ. ನಡುವೆ ಕೇಳುವವರು ಯಾರೂ ಇಲ್ಲ.

"ಹಂಗಾರ ಅದನ್ನ ಕಾಯವ ಯಾರು?" ಅಂತ ಕೇಳಿದೆ.

"ಅವನ ಲೆಕ್ಕಾನ ಕಾಯತೈತಿ, ಮಾಮಾ."

ಆ ಲೆಕ್ಕವನ್ನೂ ಅವ ಜಾತ್ರಿಯ ಪಟ್ಟಿ ಕಾಗದದ ಹಿಂದೆ ಬರೆದು ತೋರಿಸಿದ. ಮಾಸ್ತರರಿಗೆ ಇದು ಗೊತ್ತಿರುತ್ತದೆ, ನಮ್ಮಂಥವರಿಗಾಗಿ ಹೇಳತೀನಿ. ನೀರಿನ ಟಾಕಿ ಎತ್ತರ ಇದ್ದಷ್ಟೂ ನೀರಿನ ಒತ್ತಡ ಹೆಚ್ಚು, ಪೈಪು ಸಣ್ಣದಿದ್ದಷ್ಟೂ ನೀರು ಕಡಿಮೆ. ಕರೆಂಟಿನ ಒತ್ತಡಕ್ಕೆ ವೋಲ್ಟ್ ಅಂತಾರೆ, ಇಕ್ಕಟ್ಟಿಗೆ ಓಮ್ ಅಂತಾರೆ, ಹರಿಯುವುದಕ್ಕೆ ಆಂಪಿಯರ್. ತುಂಬಿದ ಬ್ಯಾಟರಿ 4.2 ವೋಲ್ಟ್. ಸುರುಳಿಯ ತಡೆ 0.5 ಓಮ್ ಇದ್ದರೆ, ಭಾಗಿಸಿದಾಗ 8.4 ಆಂಪಿಯರ್ ಹರಿಯುತ್ತದೆ. ದಪ್ಪ ತಂತಿ ತಗೊಂಡು ಸುತ್ತು ಕಡಿಮೆ ಮಾಡಿ 0.2ಕ್ಕೆ ಇಳಿಸಿದರೆ 21 ಆಂಪಿಯರ್. 0.1ಕ್ಕೆ ಇಳಿಸಿದರೆ 42. ಬ್ಯಾಟರಿ 20 ಆಂಪಿಯರಿನದಿದ್ದರೆ, 21ಕ್ಕೇ ಅದು ತನ್ನ ಶಕ್ತಿ ಮೀರಿ ಎತ್ತಿದಂಗ. ಮೊದಲು ಕಾಯುತ್ತದೆ, ಮೀರಿದರೆ ಒಳಗೆ ಬೆಂದು ಗಾಳಿ ಉಗುಳುತ್ತದೆ. ಅದು ಕೊಳವೆಯೊಳಗ ಸಿಕ್ಕಿಕೊಂಡರೆ ಸಿಡಿಯುತ್ತದೆ. ಗಾಳಿ ಹೊರಗೆ ಹೋಗಲಿ ಅಂತ ಕೊಳವೆಗೆ ತೂತು ಹಾಕಿರುತ್ತಾರೆ. ಆದರೂ 2018ರೊಳಗ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ, 2019ರೊಳಗ ಟೆಕ್ಸಾಸಿನಲ್ಲಿ ಒಬ್ಬ ವೇಪ್ ಸಿಡಿದು ಸತ್ತದ್ದು ಪೇಪರಿನಲ್ಲಿ ಬಂದಿತ್ತು.

ಈ ಲೆಕ್ಕವನ್ನ 1827ರಲ್ಲಿ ಪುಸ್ತಕ ಮಾಡಿ ಕೊಟ್ಟವರು ಜರ್ಮನಿಯ ಓಮ್ ಮಾಸ್ತರರು. ಅವರ ತಂದೆ ಬೀಗ ಮಾಡುವ ಕಸುಬಿನವರಂತೆ. ಸಾಲಿಯ ಮುಖ ಹೆಚ್ಚು ನೋಡದ ಆ ತಂದೆಯೇ ಮಕ್ಕಳನ್ನ ಮನೆಯಲ್ಲಿ ಕೂಡಿಸಿ ಗಣಿತ ಕಲಿಸಿದರಂತೆ. ಬೀಗ ಮಾಡುವವನ ಮಗ ಕಂಡ ಲೆಕ್ಕವನ್ನ ನಂಬಿ ಈ ಜನ ಬೀಗವಿಲ್ಲದ ಯಂತ್ರ ಹಿಡಿದಾರಲ್ಲ ಅಂತ ನನಗೆ ನಗು ಬಂತು.

ನಗು ಮುಗಿದ ಮೇಲೆ ಕೇಳಿದೆ: "ಇಷ್ಟು ಗೊತ್ತಿದ್ದೂ ಅವ ಚಿಪ್ಪಿನದ್ದು ಯಾಕ ತಗೊಳ್ಳಲಿಲ್ಲ?"

ಅಳಿಯ ಅವನನ್ನ ಇದೇ ಮಾತು ಕೇಳಿದ್ದನಂತೆ. ಅವ ಹೇಳಿದ ಕಾರಣಗಳನ್ನ ನಾನು ತೂಕ ಮಾಡಿ ನೋಡಿದೀನಿ. ಅವು ಹುಚ್ಚರ ಮಾತಲ್ಲ.

ಮೊದಲನೇದು, ಕೆಡಲಿಕ್ಕೆ ಅದರೊಳಗ ಏನೂ ಇಲ್ಲ. ಚಿಪ್ಪಿನ ಯಂತ್ರ ನೀರಿಗೆ ಬಿದ್ದರೆ ಸತ್ತಂಗ. ಕೊಳವೆ ಬಿದ್ದರೆ ಬಿಚ್ಚಿ, ಒರೆಸಿ, ಒಣಗಿಸಿ, ಬ್ಯಾಟರಿ ಬೇರೆ ಹಾಕಿದರೆ ನಡೆಯುತ್ತದೆ. ತಾಮ್ರ ಕಪ್ಪಾದರೆ ನಾವು ತಂಬಿಗಿ ತಿಕ್ಕಿದಂಗ ತಿಕ್ಕಿ ಬೆಳಗುತ್ತಾರೆ.

ಎರಡನೇದು, ಅದು ಅವನಿಗೆ ಪೂರಾ ತಿಳಿಯುತ್ತದೆ. ಚಿಪ್ಪಿನೊಳಗ ಏನು ನಡೆದೈತಿ ಅಂತ ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ. ಕೊಳವೆಯ ನಾಕೈದು ಭಾಗ ಬಿಚ್ಚಿ ಕೌದಿಯ ಮೇಲೆ ಹರವಿದರೆ ಕತೆಯೆಲ್ಲ ಕಣ್ಣಮುಂದೆ.

ಮೂರನೇದು, ಅದು ಅವನ ಕೂಡ ಮಾತಾಡುತ್ತದೆ. ಬ್ಯಾಟರಿ ಇಳಿದಂತೆ ಹಬೆ ತೆಳುವಾಗುತ್ತದೆ, ಬಿಸಿ ಕಡಿಮೆಯಾಗುತ್ತದೆ. ಬಾಯಿಗೇ ತಿಳಿಯುತ್ತದೆ, ಇನ್ನು ಬ್ಯಾಟರಿ ಬದಲಿಸಬೇಕು ಅಂತ. ಚಿಪ್ಪಿನದು ಕಡೀತನಕ ಒಂದೇ ಸಮ ಕೊಟ್ಟು ಆಮೇಲೆ ಬಂದ್ ಆಗುತ್ತದೆ.

ನಾಲ್ಕನೇದು ಅವ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ನಾನು ತಿಳಕೊಂಡದ್ದು. ಇದು ಎಲ್ಲರಿಗೂ ಬರುವ ವಿದ್ಯೆ ಅಲ್ಲ. ಬರದವನ ಕೈಗೆ ಕೊಡುವಂಗಿಲ್ಲ. ಬಂದವನಿಗೆ ಎದಿ ಸ್ವಲ್ಪ ಉಬ್ಬುತ್ತದೆ.

ಇದೆಲ್ಲ ಕೇಳಿದಾಗ ನನಗೆ ನೆನಪಾದದ್ದು ನನ್ನ ಏಕತಾರಿ. ನಾಕು ವರ್ಷದ ಹಿಂದೆ ನಮ್ಮ ಮೇಳದ ಹುಡುಗರು ಪಟ್ಟಿ ಕೂಡಿಸಿ ಕರೆಂಟಿನ ಶ್ರುತಿ ಪೆಟ್ಟಿಗೆ ತಂದರು. ಚಲೋ ವಸ್ತು. ಕಿವಿ ಹಿಂಡಿದರೆ ಬೇಕಾದ ಸ್ವರಕ್ಕೆ ನಿಲ್ಲುತ್ತದೆ, ಬೆಳತನಕ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಏಕತಾರಿ ಹಂಗಲ್ಲ. ಸಂಜೆಗೆ ಕೂಡಿಸಿದ ತಂತಿ ನಡುರಾತ್ರಿಯ ತಂಪಿಗೆ ಬೇರೆಯಾಗಿರುತ್ತದೆ, ಸೋರೆಬುರುಡೆಯೂ ಹವೆ ನೋಡಿ ದನಿ ಬದಲಿಸುತ್ತದೆ. ಹಾಡುತ್ತ ಹಾಡುತ್ತಲೇ ಕಿವಿ ಅದನ್ನ ಹಿಡಿಯಬೇಕು, ಬಿರಟಿ ತಿರುವಬೇಕು. ನನ್ನ ಗುರುಗಳು ಮೊದಲ ಆರು ತಿಂಗಳು ಪದ ಕಲಿಸಲೇ ಇಲ್ಲ, ತಂತಿ ಕೂಡಿಸುವುದನ್ನಷ್ಟೇ ಕಲಿಸಿದರು. ಈಗ ಪೆಟ್ಟಿಗೆಯ ಜೋಡಿ ಕಲಿತ ಹುಡುಗರು ಚಂದ ಹಾಡತಾರ, ಸುಳ್ಳಲ್ಲ. ಆದರೆ ಒಂದು ರಾತ್ರಿ ಲೈಟು ಹೋಗಿ ಪೆಟ್ಟಿಗೆ ಬಂದಾದಾಗ, ಎರಡನೇ ನುಡಿಗೇ ಎಲ್ಲರೂ ಎತ್ತೆತ್ತಲೋ ಹೋದರು. ಕಾವಲುಗಾರ ಮನೆಗೆ ಹೋದ, ಇವರಿಗೆ ಬಾಗಿಲು ಎಲ್ಲೈತಿ ಅಂತ ತಿಳಿಯಲಿಲ್ಲ.

ಅದಕ್ಕ ಅಳಿಯನಿಗೆ ಅಂದೆ: "ಆ ಹುಡುಗನ ಮಾತು ನನಗ ತಿಳೀತು. ಕಾವಲಿದ್ದಲ್ಲಿ ಕಿವಿ ಮಲಗತೈತಿ."

ಅಷ್ಟಕ್ಕೇ ಈ ಬರಹ ಮುಗಿಸಿದ್ದರೆ ನನಗೂ ಹಗುರಾಗುತ್ತಿತ್ತು. ಆದರೆ ಆ ರಾತ್ರಿ ಹಾಸಿಗೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ನಾನೂ ಒಮ್ಮೆ ಕಾವಲು ತೆಗೆದವನೇ. ಅದನ್ನ ಬರೆಯದೆ ಈ ಪ್ರಶ್ನೆಗೆ ಉತ್ತರ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆಗ ನಮ್ಮ ಬಾವಿಯ ಮೇಲೆ ಮೋಟಾರು ಒಂದು ಕಡೆ, ಪಂಪು ಒಂದು ಕಡೆ, ನಡುವೆ ಪಟ್ಟಾ. ಗೋಡೆಗೆ ಸ್ಟಾರ್ಟರ್ ಡಬ್ಬಿ. ಆ ಡಬ್ಬಿಯೊಳಗ ಎರಡು ಕಾವಲು ಇರುತ್ತವೆ. ಮೋಟಾರಿಗೆ ಭಾರ ಹೆಚ್ಚಾದರೆ ಒಂದು ಪಟ್ಟಿ ಕಾದು ಬಾಗಿ ಕರೆಂಟು ಕಡಿಯುತ್ತದೆ. ಇದು ಮೋಟಾರಿನ ಕಾವಲು. ಇನ್ನೊಂದು ಮನುಷ್ಯನ ಕಾವಲು. ಹಸಿರು ಗುಂಡಿ ಒತ್ತಿದಾಗ ಒಳಗಿನ ಸುರುಳಿ ಕಬ್ಬಿಣದ ತುಂಡನ್ನ ಎಳೆದು ಹಿಡಿದುಕೊಳ್ಳುತ್ತದೆ. ಲೈಟು ಹೋದರೆ ಕೈಬಿಡುತ್ತದೆ. ಲೈಟು ತಿರುಗಿ ಬಂದರೂ, ಯಾರಾದರೂ ಬಂದು ಗುಂಡಿ ಒತ್ತುವ ತನಕ ಮೋಟಾರು ತಿರುಗುವುದಿಲ್ಲ.

ನಮ್ಮ ಜತ್ತ ತಾಲೂಕಿನ ನೀರಿನ ಕತೆ ನಿಮಗೆ ಹೇಳಬೇಕಾಗಿಲ್ಲ. ಬಾವಿಯಲ್ಲಿ ಇದ್ದದ್ದು ತಾಸೆರಡು ತಾಸಿನ ನೀರು. ಲೈಟು ಬರುತ್ತಿದ್ದದ್ದು ರಾತ್ರಿ, ಅದೂ ಬಂದು ಹೋಗಿ ಮಾಡುತ್ತಿತ್ತು. ಬಾವಿ ಊರಿಂದ ಅರ್ಧ ಹರದಾರಿ. ಪ್ರತಿ ಸಲ ಎದ್ದು ಹೋಗಿ ಗುಂಡಿ ಒತ್ತುವುದು ಯಾರು? ಸುತ್ತಲಿನ ಹೊಲದವರು ಮಾಡಿದ್ದನ್ನೇ ನಾನೂ ಮಾಡಿದೆ. ಜಾಲಿ ಕಟ್ಟಿಗೆಯ ಒಂದು ಬೆಣೆ ಕೆತ್ತಿ ಡಬ್ಬಿಯೊಳಗ ತುರುಕಿದೆ. ಕಬ್ಬಿಣದ ತುಂಡು ಬೀಳದಂಗ ಅದು ಹಿಡಿಯಿತು. ಇನ್ನು ಲೈಟು ಯಾವಾಗ ಬಂದರೂ ಮೋಟಾರು ತಾನೇ ಶುರು. ಅದೇ ಹುರುಪಿನಲ್ಲಿ ಫ್ಯೂಜಿಗೆ ಒಂದು ಎಳೆ ತಂತಿಯ ಬದಲು ಮೂರೆಳೆ ಹಾಕಿದೆ, ಪದೇ ಪದೇ ಹಾರಬಾರದು ಅಂತ.

ಊರಿನ ವಾಯರಮನ್ ನೋಡಿ ಬೈದ. ನಾನು ಏನಂದೆ ಗೊತ್ತೇನು? "ನಾ ಹಾಡವ. ನನ್ನ ಮೋಟಾರಿನ ದನಿ ಕೇಳಿದರ ಸಾಕು, ಭಾರ ಬಿದ್ದೈತೋ ಇಲ್ಲೋ ಹೇಳತೀನಿ. ನನಗ ಡಬ್ಬಿ ಕಾವಲ ಬ್ಯಾಡ." ಮತ್ತು ಅದು ಖರೇನೇ ಇತ್ತು. ಹೊಲದ ಆ ತುದಿಯಲ್ಲಿ ನಿಂತು ದನಿ ಕೇಳಿ, ಪಂಪು ಗಾಳಿ ಹಿಡಿದದ್ದು, ಒಂದು ಫೇಜ್ ಹೋದದ್ದು ಹೇಳುತ್ತಿದ್ದೆ. ಎರಡು ವರ್ಷ ಮೋಟಾರು ಸುಡಲಿಲ್ಲ. ಮಂದಿ ಒಂದೊಂದು ಬೇಸಿಗೆಗೆ ಎರಡೆರಡು ಸಲ ರಿವೈಂಡಿಂಗ್ ಮಾಡಿಸುವಾಗ ನಾನು ಮೀಸೆ ತಿರುವುತ್ತಿದ್ದೆ.

ಒಂದು ರಾತ್ರಿ ಪಕ್ಕದ ಊರಿಗೆ ಭಜನಿಗೆ ಹೋದೆ. ಬೆಳಗಾಮುಂಜಾನೆ ನನ್ನ ತಮ್ಮನ ಮಗ ಬಾವಿಗೆ ಹೋಗಿದ್ದಾನೆ. ಆಗ ಅವನಿಗೆ ಹದಿನೇಳು. ಲೈಟು ಇರಲಿಲ್ಲ, ಪಟ್ಟಾ ಕಳಚಿ ಬಿದ್ದಿತ್ತು. ದೊಡ್ಡಪ್ಪ ಬರುವುದರೊಳಗ ಹಾಕಿಡೋಣ ಅಂತ ಗಾಲಿಗೆ ಪಟ್ಟಾ ಏರಿಸುತ್ತಿದ್ದ. ಗುಂಡಿ ಒತ್ತದೆ ಮೋಟಾರು ತಿರುಗುವುದಿಲ್ಲ ಅಂತ ಅವನಿಗೆ ಸಾಲಿಯಲ್ಲೂ ಹೇಳಿದ್ದರು, ಬೇರೆ ಬಾವಿಯಲ್ಲೂ ನೋಡಿದ್ದ. ಬೆಣೆಯ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಲೈಟು ಬಂತು.

ಬಲಗೈಯ ಎರಡು ಬೆರಳು ಹೋದವು. ತೋರುಬೆರಳು, ನಡುಬೆರಳು. ಅವ ನಮ್ಮ ಮೇಳದಾಗ ತಬಲಾ ಬಾರಿಸುತ್ತಿದ್ದ.

ಮಂದಿ ಸಮಾಧಾನ ಹೇಳಿದರು. "ಅವನದೂ ತಪ್ಪು ಐತಿ, ಮೇನ್ ಇಳಿಸದ ಪಟ್ಟಾಕ್ಕ ಕೈ ಹಾಕಬಾರದಿತ್ತು." ನಾನೂ ಒಂದು ವರ್ಷ ಆ ಮಾತಿನ ಆಸರೆಯಲ್ಲೇ ದಿನ ಕಳೆದೆ. ಮಾತು ಸುಳ್ಳಲ್ಲ. ಆದರೆ ಅದನ್ನ ಹೇಳುವ ಹಕ್ಕು ನನಗಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ ಇದೆ. ಇಲ್ಲಿ ಮಾಡಿದವ ನಾನು, ಉಂಡವ ಅವ. ಆ ಗಾದೆ ಯಾವಾಗಲೂ ಖರೆ ಆಗುವಂತಿದ್ದರೆ ಲೋಕದಲ್ಲಿ ಕಾವಲಿನ ಜರೂರೇ ಇರುತ್ತಿರಲಿಲ್ಲ.

ಮರುದಿನ ಇದೆಲ್ಲ ಅಳಿಯನ ಮುಂದೆ ಹೇಳಿದೆ. ಕತೆ ಅವನಿಗೆ ಗೊತ್ತಿದ್ದದ್ದೇ, ಬೆಣೆಯ ಮಾತು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವ ಒಂದು ಚಲೋ ಪ್ರಶ್ನೆ ಕೇಳಿದ.

"ಮಾಮಾ, ನಿಮ್ಮ ಕುಡಗೋಲಿಗೆ ಏನು ಕಾವಲು ಐತಿ? ಕೊಡಲಿಗೆ? ಎತ್ತಿನ ಕೊಂಬಿಗೆ? ಕಾವಲಿಲ್ಲದ್ದೆಲ್ಲ ತಪ್ಪು ಅಂದರ ಒಕ್ಕಲುತನಾನ ಬಿಡಬೇಕಾಗತೈತಿ."

ಅದಕ್ಕ ಆಗ ನನಗೆ ಉತ್ತರ ಹೊಳೆಯಲಿಲ್ಲ. ಕಬ್ಬಿನ ರವದಿ ಸುಲಿಯುತ್ತ, ಜೋಳ ಕೊಯ್ಯುತ್ತ ಎರಡು ತಿಂಗಳು ವಿಚಾರ ಮಾಡಿದೆ. ಈಗ ಹೇಳಬಲ್ಲೆ ಅನ್ನಿಸುತ್ತದೆ.

ಕುಡಗೋಲಿನ ಬಾಯಿ ಎಲ್ಲರಿಗೂ ಕಾಣುತ್ತದೆ. ಮೂರು ವರ್ಷದ ಕೂಸಿಗೂ ಅದು ಕೊಯ್ಯುತ್ತದೆ ಅಂತ ಒಮ್ಮೆ ಹೇಳಿದರೆ ತಿಳಿಯುತ್ತದೆ. ಅದರ ಅಪಾಯ ಅದರ ಮುಖದ ಮೇಲೇ ಬರೆದಿದೆ, ಅದೇ ಅದರ ಕಾವಲು. ನನ್ನ ಬೆಣೆ ಡಬ್ಬಿಯೊಳಗ ಇತ್ತು. ಹೊರಗಿನಿಂದ ನೋಡಿದರೆ ನನ್ನ ಸ್ಟಾರ್ಟರು ಊರ ಎಲ್ಲ ಸ್ಟಾರ್ಟರಿನಂಗೇ ಕಾಣುತ್ತಿತ್ತು. ಆ ತಾಮ್ರದ ಕೊಳವೆಯೂ ಹಂಗೇ. ಅದರ ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಉಗುರಿನಷ್ಟು ಹರಿದಿದ್ದರೂ ಕೊಳವೆಯ ಮೈಗೆ ತಾಗಿ ಶಾರ್ಟ್ ಆಗಬಹುದಂತೆ. ಮೇಲಿನ ಸುರುಳಿಯ ಬುಡದ ಮೊಳೆ ಚಾಚಿಕೊಂಡಿರದಿದ್ದರೂ ಹಂಗೇ. ತಿಳಿದವ ಪ್ರತಿ ಸಲ ಬಿಚ್ಚಿ ನೋಡುತ್ತಾನೆ. ಮೇಜಿನ ಮೇಲೆ ಬಿಟ್ಟುಹೋದದ್ದನ್ನ ಗೆಳೆಯನೊಬ್ಬ ಎತ್ತಿ ಬಾಯಿಗಿಟ್ಟರೆ? ಅವನಿಗೆ ಅದು ಬರೀ ಚಂದದ ಕೊಳವೆ.

ಅದಕ್ಕ ನನ್ನ ಮೊದಲ ಮಾತು: ಕಾಣುವ ಅಪಾಯ ಬೇರೆ, ಮುಚ್ಚಿಟ್ಟ ಅಪಾಯ ಬೇರೆ. ಕಾವಲು ತೆಗೆಯುವವ ತೆಗೆದದ್ದನ್ನ ಮುಚ್ಚಿಡಬಾರದು. ನನ್ನ ಡಬ್ಬಿಯ ಮೇಲೆ ಸುಣ್ಣದಿಂದ ಒಂದು ಸಾಲು ಬರೆದಿದ್ದರೂ ಆ ಹುಡುಗನ ಬೆರಳು ಉಳಿಯುತ್ತಿದ್ದವು. ಏಳನೇತ್ತೆಯ ತನಕ ಬರೆಯಲಿಕ್ಕೆ ಕಲಿತು ಆ ಒಂದು ಸಾಲು ಬರೆಯಲಿಲ್ಲ.

ಎರಡನೇ ಮಾತು. ಕೆಟ್ಟರೆ ಕೊಡುವವರು ಯಾರು ಅನ್ನುವುದನ್ನ ಮೊದಲು ಲೆಕ್ಕ ಹಾಕಬೇಕು. ಏಕತಾರಿಯ ತಂತಿ ತಪ್ಪಿದರೆ ನನ್ನ ಹಾಡು ಕೆಡುತ್ತದೆ, ಕೇಳುವವರು ನಕ್ಕು ಎದ್ದುಹೋಗುತ್ತಾರೆ. ಅಷ್ಟೇ. ಅಲ್ಲಿ ಕಾವಲು ಬೇಡ ಅನ್ನುವುದು ಚಲೋ ಹಟ, ಅದರಿಂದ ಕಿವಿ ಬೆಳೆಯುತ್ತದೆ. ಸ್ಟಾರ್ಟರಿನದು ಹಂಗಲ್ಲ. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟೆ. ಹಾಡಿನೊಳಗ ಗಳಿಸಿದ ಹೆಮ್ಮೆಯನ್ನ ಬಾವಿಯ ಮ್ಯಾಲೆ ಖರ್ಚು ಮಾಡಿದೆ. ಆ ಫಿಲಿಪೈನ್ಸಿನ ಹುಡುಗ ಒಬ್ಬನೇ ಬಯಲಲ್ಲಿ ನಿಂತು ಸೇದಿದರೆ ಅದು ಅವನ ಲೆಕ್ಕ. ಹಡಗಿನೊಳಗ ನಾಕು ಮಂದಿ ಮಲಗುವ ಖೋಲಿಯಲ್ಲಿ ಬ್ಯಾಟರಿ ಇಟ್ಟುಕೊಂಡರೆ ಅದು ನಾಕು ಮಂದಿಯ ಲೆಕ್ಕ. ಓಮ್ ಮಾಸ್ತರರ ಭಾಗಾಕಾರದೊಳಗ ಆ ಮೂವರು ಬರುವುದಿಲ್ಲ. ಅವರನ್ನ ಅವನೇ ಕೂಡಿಸಿಕೊಳ್ಳಬೇಕು.

ಮೂರನೇ ಮಾತು ಸ್ವಲ್ಪ ಕಠಿಣ. ಹೊರಗಿನ ಕಾವಲು ತೆಗೆದವ ಒಳಗೆ ತಾನೇ ಕಾವಲಾಗಬೇಕು, ಅದೂ ದಿನಾ. ಸುರುಳಿ ಹೊಸದಾಗಿ ಸುತ್ತಿದ ದಿನ ಎಲ್ಲರೂ ಮೀಟರ್ ಹಿಡಿದು ಅಳೆಯುತ್ತಾರೆ. ಬ್ಯಾಟರಿ ಹೊಸದಿದ್ದಾಗ ಎಲ್ಲರೂ ಸಿಪ್ಪೆ ನೋಡುತ್ತಾರೆ. ನೂರನೇ ದಿನ, ದಣಿದು ಬಂದಾಗ, ಮನೆಯಲ್ಲಿ ಜಗಳಾಡಿ ಬಂದಾಗ, ಕುಡಿದಾಗ? ಚಿಪ್ಪಿಗೆ ದಣಿವಿಲ್ಲ. ಅದು ಕೆಡುವುದೇ ಇಲ್ಲ ಅಂತ ಅಲ್ಲ, ಅದೂ ಕೆಡುತ್ತದೆ. ಆದರೆ ಅದಕ್ಕೆ ಭಜನಿಗೆ ಹೋಗುವ ಚಟ ಇಲ್ಲ. ನನ್ನ ಕಿವಿ ಚಲೋ ಕಾವಲುಗಾರ ಇತ್ತು, ಆದರೆ ಆ ಮುಂಜಾನೆ ಅದು ಪಕ್ಕದ ಊರಿನಲ್ಲಿ ಮಂಗಳಾರತಿ ಹಾಡುತ್ತಿತ್ತು.

ಹಂಗಂತ ಎಲ್ಲವನ್ನೂ ಚಿಪ್ಪಿನ ಕೈಗೆ ಕೊಟ್ಟು ನಾವು ಮಲಗೋಣ ಅಂತಲೂ ನಾನು ಹೇಳುವುದಿಲ್ಲ. ಸಾಲಿ ಮಾಸ್ತರರಿಗೆ ಇದು ನನ್ನ ವಿನಂತಿ. ಹುಡುಗರಿಗೆ ಡಬ್ಬಿ ಬಿಚ್ಚಿ ತೋರಿಸಿರಿ. ಫ್ಯೂಜ್ ಯಾಕ ಹಾರತೈತಿ, ಸ್ಟಾರ್ಟರ್ ಯಾಕ ಕೈಬಿಡತೈತಿ ಹೇಳಿರಿ. ಕಾವಲು ಇದ್ದಾಗಲೇ ಕಾವಲಿಲ್ಲದವನಂಗ ಕಲಿಯಬೇಕು. ನಮ್ಮ ಮೇಳದಲ್ಲಿ ಈಗ ಹಂಗೇ ಮಾಡಿದೀವಿ. ಜಾತ್ರಿಯ ದಿನ ಶ್ರುತಿ ಪೆಟ್ಟಿಗೆ ಇರುತ್ತದೆ. ಸೋಮವಾರದ ಭಜನಿಗೆ ಅದನ್ನ ಮುಚ್ಚಿಟ್ಟು ಏಕತಾರಿ ಒಂದರ ಮೇಲೇ ಹಾಡುತ್ತೇವೆ. ಹುಡುಗರು ಮೊದಮೊದಲು ಗೊಣಗಿದರು. ಈಗ ಇಬ್ಬರಿಗೆ ತಂತಿ ಕೂಡಿಸಲಿಕ್ಕೆ ಬರುತ್ತದೆ.

ಇನ್ನೊಂದು ಮಾತು ಬಿಟ್ಟರೆ ಓದುವವರು ನನ್ನನ್ನ ಹಿಡಿಯುತ್ತೀರಿ. ಆ ವೇಪಿನ ಜನ, ಯಂತ್ರ ನಮ್ಮ ಮಾತು ಕೇಳಬೇಕು, ನಾವು ಯಂತ್ರದ ಮಾತು ಕೇಳಬಾರದು ಅಂತಾರೆ. ಅದು ಯಜಮಾನಿಕೆಯ ಆಸೆ, ತಪ್ಪಲ್ಲ. ಆದರೆ ಕೊಳವೆಗೆ ಯಜಮಾನನಾದವ ನಿಕೋಟಿನ್ನಿಗೆ ಆಳು. ಗಂಟೆಗೊಮ್ಮೆ ಕೈ ತಾನೇ ಕಿಸೆಗೆ ಹೋಗುವುದನ್ನ ತಡೆಯಲಿಕ್ಕೆ ಅವನ ಹತ್ತಿರ ಯಾವ ಲೆಕ್ಕವೂ ಇಲ್ಲ. ಚಿಪ್ಪಿನ ಯಂತ್ರವಾದರೂ ಅಷ್ಟೇ, ಕೊಳವೆಯಾದರೂ ಅಷ್ಟೇ. ಇದನ್ನ ಅಳಿಯನಿಗೆ ಫೋನಿನಲ್ಲಿ ಹೇಳಿದಾಗ ಅವ, "ಮಾಮಾ, ಚಂಚಿ ಎಲ್ಲೈತಿ?" ಅಂತ ಕೇಳಿದ. ಸುಳ್ಳು ಹೇಳಲಿಕ್ಕೆ ಬರಲಿಲ್ಲ. ಇದನ್ನ ಬರೆಯುವಾಗಲೂ ಅದು ಮಗ್ಗಲಲ್ಲೇ ಇದೆ. ಹತ್ತಾರು ಸಲ ಬಿಟ್ಟೀನಿ, ಹತ್ತಾರು ಸಲ ಹಿಡಿದೀನಿ. ದವಾಖಾನಿಯ ಡಾಕ್ಟರು ಬಾಯಿ ತೆರೆಸಿ ನೋಡಿ ಎಚ್ಚರಿಕೆ ಕೊಟ್ಟು ಒಂದು ವರ್ಷ ಆತು. ನನ್ನ ಬಾಯಿಗೂ ಕಾವಲು ಬೇಕಾಗಿದೆ, ನಾನೇ ಅದಕ್ಕ ಬೆಣೆ ಹಾಕಿ ಕೂತೀನಿ.

ಹಂಗಾರ ಧೈರ್ಯವೋ, ಸೊಕ್ಕೋ? ನನ್ನ ಉತ್ತರ ಇಷ್ಟು. ಕಾವಲು ತೆಗೆದು, ತೆಗೆದೀನಿ ಅಂತ ಎಲ್ಲರಿಗೂ ತಿಳಿಸಿ, ಕೆಟ್ಟರೆ ತಾನೊಬ್ಬನೇ ಕೊಡುವಲ್ಲಿ ನಿಂತು, ದಿನಾ ಎಚ್ಚರ ಇರುವವನದು ಧೈರ್ಯ. ಅಂಥವರು ಇದ್ದಾರು, ಇಲ್ಲ ಅನ್ನಲಾರೆ. ಈ ಮೂರರೊಳಗ ಒಂದು ತಪ್ಪಿದರೂ ಅದು ಸೊಕ್ಕು. ನನ್ನದು ಮೂರೂ ತಪ್ಪಿತ್ತು.

ತಮ್ಮನ ಮಗನಿಗೆ ಈಗ ನಲವತ್ತೇಳು. ಎರಡು ಮಕ್ಕಳ ತಂದೆ. ತಬಲಾ ಬಿಟ್ಟ, ತಾಳ ಹಿಡಿದ. ಸೋಮವಾರ ನನ್ನ ಮಗ್ಗಲಲ್ಲೇ ಕೂತು ತಾಳ ಹಾಕುತ್ತಾನೆ, ಲಯ ಒಂದು ಎಳೆಯೂ ತಪ್ಪುವುದಿಲ್ಲ. ಆ ಬೆಳಗಿನ ಬಗ್ಗೆ ನನಗೆ ಒಂದು ಮಾತೂ ಅಂದಿಲ್ಲ, ಅವತ್ತಿನಿಂದ ಇವತ್ತಿನ ತನಕ. ಬಾವಿಗೆ ಈಗ ನೀರೊಳಗ ಮುಳುಗಿರುವ ಮೋಟಾರು ಬಂದಿದೆ, ಪಟ್ಟಾ ಇಲ್ಲ, ಸ್ಟಾರ್ಟರೂ ಹೊಸದು. ಆದರೂ ನನ್ನ ಹೊಲಕ್ಕೆ ಬಂದಾಗಲೆಲ್ಲ ಅವ ಮೊದಲು ಮೇನ್ ಇಳಿಸುತ್ತಾನೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಒಮ್ಮೆ ಇಣುಕಿ ನೋಡುತ್ತಾನೆ. ನಾನು ಅಲ್ಲೇ ನಿಂತಿರುತ್ತೀನಿ. ನೋಡಿ, ಮುಚ್ಚಿ, "ಇನ್ನ ಚಾಲೂ ಮಾಡ್ರಿ, ದೊಡ್ಡಪ್ಪ" ಅನ್ನುತ್ತಾನೆ.